ದಾವಣಗೆರೆಯ ಹುಡುಗಿ ಶಟಲ್‌ಗಾಗಿ ಊರು ಬಿಡಬೇಕಾದದ್ದು ಯಾವಾಗ?

(ಶಟಲ್ ಬ್ಯಾಡ್ಮಿಂಟನ್ ಬಲ್ಲವರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಗುರುತಿನ ಹೆಸರು.)

ವಿದ್ಯಾನಗರ ಕೋರ್ಟ್ 2

ಹುಡುಗಿಗೆ 12 ತುಂಬಿದೆ. ವಾರಕ್ಕೆ ಆರು ದಿನ, ಸಂಜೆ ಎರಡು ಗಂಟೆ ದಾವಣಗೆರೆಯಲ್ಲೇ ಆಟ. ಅಂಡರ್-13ರಲ್ಲಿ ಜಿಲ್ಲೆಯೊಳಗೆ ಅವಳನ್ನು ಸೋಲಿಸುವವರಿಲ್ಲ. ರಾಜ್ಯ ಟೂರ್ನಿಗೆ ಹೋದರೆ ಎರಡನೇ ಸುತ್ತಿನಲ್ಲಿ 21-9, 21-11ರಲ್ಲಿ ಸೋಲು. ಮೂರು ಸಲವೂ ಹೀಗೇ. ಮನೆಯಲ್ಲಿ ಎರಡು ಪಕ್ಷವಾಗಿದೆ: ಈಗಲೇ ಬೆಂಗಳೂರಿನ ಅಕಾಡೆಮಿಗೆ ಹಾಕಿ ಅನ್ನುವವರು, ಎಸ್ಸೆಸ್ಸೆಲ್ಸಿ ಮುಗಿಯಲಿ ಅನ್ನುವವರು. ಆಟ ಬಲ್ಲವರು ಬಿಡಿಸಿ ಹೇಳಿ. ಶಟಲ್, ಬ್ಯಾಟು, ಕಾಗದಪತ್ರ ಎಲ್ಲದರ ಬಗ್ಗೆಯೂ ಬರಲಿ.

ಹಿಂದಿನ ಗೆರೆ

ಬೆಂಗಳೂರಿನ ಮಾತು ಆಮೇಲೆ. ಆ 21 ಪಾಯಿಂಟ್ ಎದುರಾಳಿಗೆ ಹೇಗೆ ಬಂತು ಅಂತ ಯಾರಾದರೂ ಬರೆದಿಟ್ಟಿದ್ದಾರಾ? ಒಂದು ಹಾಳೆ, ನಾಲ್ಕು ಮನೆ ಸಾಕು. ಟಾಸ್ (ಶಟಲನ್ನು ಎತ್ತರಕ್ಕೆ, ಎದುರಿನ ಹಿಂದಿನ ಗೆರೆಯವರೆಗೆ ಕಳಿಸುವ ಹೊಡೆತ) ಗಿಡ್ಡ ಬಿದ್ದು ಸ್ಮ್ಯಾಶ್ ತಿಂದದ್ದು ಒಂದು. ನೆಟ್‌ಗೆ ತಡವಾಗಿ ಹೋದದ್ದು ಇನ್ನೊಂದು. ತಾನೇ ಹೊರಗೋ ಬಲೆಗೋ ಹೊಡೆದದ್ದು ಮೂರನೆಯದು. ಎದುರಾಳಿ ನಿಜವಾಗಿ ಚೆನ್ನಾಗಿ ಆಡಿ ಪಡೆದದ್ದು ನಾಲ್ಕನೆಯದು. ನಮ್ಮ ಕಡೆಯಿಂದ ಹೋಗುವ ಹುಡುಗಿಯರಲ್ಲಿ ಮೊದಲ ಮನೆಯೇ ತುಂಬುತ್ತದೆ.

ಅದಕ್ಕೆ ಕಾರಣ ಹುಡುಗಿಯ ತೋಳಲ್ಲ, ಹಾಲ್‌ನ ಸೂರು. ದೊಡ್ಡ ಟೂರ್ನಿ ನಡೆಯುವ ಹಾಲ್‌ಗಳಲ್ಲಿ ಕೋರ್ಟಿನ ಮೇಲೆ 12 ಮೀಟರ್ ಖಾಲಿ ಎತ್ತರ ಇರುತ್ತದೆ. ತಗಡಿನ ಶೆಡ್ಡಿನಲ್ಲಿ ಆರೇಳು ಮೀಟರ್‌ಗೆ ತೊಲೆ ಅಡ್ಡ ಬರುತ್ತದೆ. ತೊಲೆಗೆ ತಾಗಿದರೆ ಪಾಯಿಂಟ್ ಹೋಗುತ್ತದೆ ಅಂತ ಮಕ್ಕಳು ತಮಗೇ ಗೊತ್ತಿಲ್ಲದ ಹಾಗೆ ಚಪ್ಪಟೆ ಟಾಸ್ ಕಲಿಯುತ್ತಾರೆ. ಊರಿನಲ್ಲಿ ಅದು ನಡೆಯುತ್ತದೆ, ಎದುರಿಗಿರುವವಳೂ ಅದೇ ಸೂರಿನ ಕೆಳಗೆ ಕಲಿತವಳಲ್ಲವೇ. ರಾಜ್ಯದಲ್ಲಿ ಅದೇ ಟಾಸ್ ತಲೆಯ ಮಟ್ಟದಲ್ಲಿ ನಡುಕೋರ್ಟಿಗೆ ಸಿಕ್ಕು ಕೊಲ್ಲಿಸಿಕೊಳ್ಳುತ್ತದೆ.

ಹೀಗೆ ಪರೀಕ್ಷಿಸಿ. ಹಿಂದಿನ ಗೆರೆಗೂ ಡಬಲ್ಸ್ ಸರ್ವಿಸ್ ಗೆರೆಗೂ ನಡುವೆ 76 ಸೆಂಟಿಮೀಟರ್ ಪಟ್ಟಿ ಇದೆ. ಒಂದು ತುದಿಯಿಂದ 20 ಟಾಸ್ ಹೊಡೆಸಿ, ಪಟ್ಟಿಯೊಳಗೆ ಎಷ್ಟು ಬಿತ್ತು ಎಣಿಸಿ. ತುದಿ ಬದಲಿಸಿ ಇನ್ನೊಮ್ಮೆ ಎಣಿಸಿ. 14ಕ್ಕೆ ಮೇಲಾದರೆ ಉದ್ದ ಇದೆ, ತೊಂದರೆ ಬೇರೆಡೆ. 10ಕ್ಕೆ ಕೆಳಗಾದರೆ ಬೆಂಗಳೂರಿಗೆ ಹೋದರೂ ಮೊದಲ ಆರು ತಿಂಗಳು ಇದನ್ನೇ ತಿದ್ದುವುದು. ಇಲ್ಲೇ ತಿದ್ದಬಹುದು. ವಾರಕ್ಕೆ ಮೂರು ದಿನ 20 ಶಟಲ್‌ನ ಆರು ಸೆಟ್, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ, ಬರೀ ಟಾಸ್. ಶಟಲ್ ಮುಖದ ಮುಂದೆ, ಎತ್ತರದಲ್ಲಿ ಸಿಗಬೇಕು. ತಲೆಯ ಮೇಲೋ ಹಿಂದೋ ಸಿಕ್ಕಿತೆಂದರೆ ಕೈಗೆ ಬೈಯಬೇಡಿ, ಕಾಲು ತಡವಾಗಿದೆ ಎಂದರ್ಥ.

ಗಟ್ ಬಿಗಿತ

ಮೇಲಿನ ಪರೀಕ್ಷೆ ಮಾಡುವ ಮೊದಲು ಯಾವ ಶಟಲ್ ಅಂತ ನೋಡಿ. ಪ್ಲಾಸ್ಟಿಕ್ ಶಟಲ್‌ನಲ್ಲಿ ಮಾಡಿದರೆ ಆ ಎಣಿಕೆಗೆ ಅರ್ಥವಿಲ್ಲ. ನೈಲಾನ್ ಹೊಡೆದ ಕೂಡಲೇ ಸ್ಕರ್ಟ್ ಒಳಗೆ ಮಡಚಿ, ವೇಗ ಬೇಗ ಕಳೆದುಕೊಳ್ಳದೆ ದೂರ ಹೋಗುತ್ತದೆ. ಗರಿ ಶಟಲ್ ಆರಂಭದಲ್ಲಿ ವೇಗ, ಆಮೇಲೆ ಬ್ರೇಕ್ ಹಾಕಿದ ಹಾಗೆ ನಿಂತು ನೇರ ಕೆಳಗೆ ಬೀಳುತ್ತದೆ. ನೈಲಾನ್‌ನಲ್ಲಿ ಕಲಿತ ಹುಡುಗಿ ಗರಿ ಶಟಲ್ ಎದುರು ಡ್ರಾಪ್‌ಗೂ ಡ್ರಿಬಲ್‌ಗೂ (ಬಲೆಯ ಹತ್ತಿರ ಮೆಲ್ಲಗೆ ಬೀಳಿಸುವ ಹೊಡೆತಗಳು) ಅರ್ಧ ಹೆಜ್ಜೆ ತಡ ಮಾಡುತ್ತಾಳೆ. ದುಡ್ಡು ಹೊಂದಿಸಬೇಕಾದ ಜಾಗ ಇದು. ಹೊಸ ಬ್ಯಾಟ್ ಬೇಡ, ಅದೇ ಹಣಕ್ಕೆ ಗರಿ ಶಟಲ್ ಡಬ್ಬ ತನ್ನಿ. ಟೂರ್ನಿಗೆ ಮೂರು ವಾರ ಇರುವಾಗಿನಿಂದ ಪಾಯಿಂಟ್ ಆಟವೆಲ್ಲ ಗರಿಯಲ್ಲೇ ಇರಲಿ. ಫೀಡಿಂಗ್‌ಗೆ (ಒಂದರ ಹಿಂದೊಂದು ಶಟಲ್ ಕೊಟ್ಟು ಹೊಡೆಸುವುದಕ್ಕೆ) ಮ್ಯಾಚ್ ಆಡಿ ಬಿಟ್ಟ ಶಟಲ್ ಸಾಕು, ಎರಡಕ್ಕಿಂತ ಹೆಚ್ಚು ಗರಿ ಮುರಿದದ್ದನ್ನು ಮಾತ್ರ ಎಸೆಯಿರಿ, ಅದು ಹಾರುವಾಗ ಅಲ್ಲಾಡಿ ಕಣ್ಣನ್ನು ಕೆಡಿಸುತ್ತದೆ.

ಡಬ್ಬದ ಮೇಲಿನ 76, 77 ಅಂದರೆ ಗ್ರೇನ್ ಲೆಕ್ಕದ ತೂಕ. 77 ಅಂದರೆ ಸುಮಾರು 4.99 ಗ್ರಾಂ, ತೂಕ ಹೆಚ್ಚಿದಷ್ಟೂ ದೂರ ಹಾರುತ್ತದೆ. ಸೆಕೆ ಹೆಚ್ಚಿದಷ್ಟೂ, ಊರು ಎತ್ತರವಾದಷ್ಟೂ ಗಾಳಿ ತೆಳುವಾಗಿ ಶಟಲ್ ಓಡುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700ಕ್ಕೂ ಮೇಲೆ. ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ 77 ಆಡಿಸಿದರೆ ಟಾಸ್ ಎಲ್ಲ ಹೊರಗೆ. ಹುಡುಗಿ ಕೈ ಬಿಗಿಹಿಡಿದು ಹೊಡೆಯಲು ಕಲಿತು, ಡಿಸೆಂಬರ್‌ನಲ್ಲಿ ಮತ್ತೆ ಗಿಡ್ಡ ಹೊಡೆಯುತ್ತಾಳೆ. ನಿಯಮದ ಪ್ರಕಾರವೇ ಪರೀಕ್ಷಿಸಿ: ಹಿಂದಿನ ಗೆರೆಯ ಮೇಲೆ ನಿಂತು, ಕೆಳಗಿನಿಂದ ಮೇಲಕ್ಕೆ, ಪೂರ್ತಿ ಬಲದಲ್ಲಿ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೆಯಬೇಕು. ಎದುರಿನ ಹಿಂದಿನ ಗೆರೆಗೆ 53ರಿಂದ 99 ಸೆಂಟಿಮೀಟರ್ ಒಳಗೆ ಬಿದ್ದರೆ ವೇಗ ಸರಿ. ಇದನ್ನು ದೊಡ್ಡವರು ಮಾಡಬೇಕು, ಮಕ್ಕಳ ಪೂರ್ತಿ ಬಲ ಸಾಲದು.

ಎಂಸಿಸಿ ಬಿ ಬ್ಲಾಕ್

ಬ್ಯಾಟ್‌ನ ಬಗ್ಗೆ ಯಾರೂ ಹೇಳಲಿಲ್ಲ. ಗಟ್ (ಬ್ಯಾಟಿನ ತಂತಿ) 28 ಪೌಂಡ್ ಬಿಗಿಗೆ ಹಾಕಿಸಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ, ಸರಿಯಾ?

ಗಟ್ ಬಿಗಿತ

12 ವರ್ಷಕ್ಕೆ 28 ಬೇಡವೇ ಬೇಡ. 20ರಿಂದ 22 ಸಾಕು. ಬಿಗಿ ಹೆಚ್ಚಾದಷ್ಟೂ ಶಟಲ್ ಸರಿಯಾಗಿ ತಾಗುವ ಜಾಗ ಕಿರಿದಾಗುತ್ತದೆ, ಬಲವೆಲ್ಲ ತೋಳಿನಿಂದಲೇ ಬರಬೇಕಾಗುತ್ತದೆ, ಮೊಣಕೈ ಇಲ್ಲವೇ ಭುಜ ಹಿಡಿಯಬಹುದು. ಬ್ಯಾಟಿನ ತೂಕದಲ್ಲಿ 4ಯು ಅಂದರೆ 80ರಿಂದ 84.9 ಗ್ರಾಂ, 5ಯು ಅಂದರೆ 75ರಿಂದ 79.9. ಈ ವಯಸ್ಸಿಗೆ ಇವೆರಡರಲ್ಲಿ ಒಂದು, ತಲೆಭಾರ ಇಲ್ಲದ್ದು. ಗ್ರಿಪ್ ಮೇಲೆ ಗ್ರಿಪ್ ಸುತ್ತಬೇಡಿ. ದಪ್ಪ ಹಿಡಿಕೆಯಲ್ಲಿ ಬೆರಳು ತಿರುಗಲು ಎಡೆ ಇರುವುದಿಲ್ಲ, ಬ್ಯಾಕ್‌ಹ್ಯಾಂಡ್ ಸಾಯುತ್ತದೆ. 0.70 ಮಿಲಿಮೀಟರ್ ಗಟ್ ಬಾಳಿಕೆ ಬರುತ್ತದೆ, 0.65ರದ್ದು ಚುರುಕು, ಆದರೆ ಬೇಗ ಹರಿಯುತ್ತದೆ. ಬ್ಯಾಟ್ ಎರಡು ಇರಲಿ, ಎರಡಕ್ಕೂ ಒಂದೇ ಗಟ್, ಒಂದೇ ಬಿಗಿತ, ಒಂದೇ ದಿನ ಹಾಕಿಸಿದ್ದು. ಮ್ಯಾಚ್ ನಡುವೆ ಒಂದು ಹರಿದು ಇನ್ನೊಂದು ಹಿಡಿದಾಗ ಕೈಗೆ ವ್ಯತ್ಯಾಸ ತಿಳಿಯಬಾರದು.

ದುರ್ಗದ ಡ್ರಿಬಲ್

ಚಿತ್ರದುರ್ಗದವರಿಗೆ ಒಂದು ಮಾತು ಸೇರಿಸ್ತೀನಿ. ಜೋಗಿಮಟ್ಟಿ ಕಡೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಇಲ್ಲಿ ಬಯಲು ಕೋರ್ಟಲ್ಲಿ ಶಟಲ್ ಆಡಿಸಿದರೆ ಹುಡುಗಿ ಗಾಳಿ ಆಡೋದನ್ನ ಕಲೀತಾಳೆ, ಶಟಲ್ ಆಡೋದನ್ನ ಅಲ್ಲ. ಒಳಾಂಗಣ ಸಿಗದ ದಿನ ಹೊರಗೆ ಶ್ಯಾಡೋ (ಶಟಲ್ ಇಲ್ಲದೆ ಬರೀ ಹೆಜ್ಜೆ ಅಭ್ಯಾಸ) ಮಾಡಿಸ್ರಿ, ಹಗ್ಗ ಜಿಗಿಸ್ರಿ, ಒನಕೆ ಓಬವ್ವ ಕ್ರೀಡಾಂಗಣದಲ್ಲಿ 30 ಮೀಟರ್ ಓಟ ಓಡಿಸ್ರಿ. ಶಟಲ್ ಮುಟ್ಟಿಸಬೇಡ್ರಿ.

ಇನ್ನೊಂದು ಗೊಂದಲ ಶಾಲೆಗಳಲ್ಲಿ ಐತೆ. ಬಾಲ್ ಬ್ಯಾಡ್ಮಿಂಟನ್‌ನಲ್ಲಿ ಚೆನ್ನಾಗಿ ಆಡೋ ಹುಡುಗಿಯನ್ನು ಪಿಇ ಮೇಷ್ಟ್ರು ಶಟಲ್‌ಗೂ ಕಳಿಸ್ತಾರೆ. ಅದು 27-28 ಗ್ರಾಂನ ಉಣ್ಣೆ ಚೆಂಡು, ಇದು ಐದು ಗ್ರಾಂ. ಅಲ್ಲಿ ಮಣಿಕಟ್ಟು ಗಟ್ಟಿ ಹಿಡಿದು ತೋಳಲ್ಲಿ ಹೊಡೀಬೇಕು, ಇಲ್ಲಿ ಬೆರಳು ಸಡಿಲ ಬಿಟ್ಟು ತಾಗೋ ಕ್ಷಣಕ್ಕೆ ಹಿಡೀಬೇಕು. ಎರಡನ್ನೂ ಒಟ್ಟಿಗೆ ಆಡಿಸಿದರೆ ಎರಡೂ ಅರೆಬರೆ. 11-12ಕ್ಕೆ ಒಂದನ್ನು ಆರಿಸಿಕೊಳ್ರಿ.

ಮೂಲ ಪ್ರಶ್ನೆಗೆ ಬಂದರೆ, ಊರಲ್ಲಿ ಕೊರತೆ ಇರೋದು ಜೊತೆ ಆಡುವವರದ್ದು. ಅವಳ ವಯಸ್ಸಿನ ಹುಡುಗಿಯರ ಜೊತೆ ದಿನಾ ಗೆಲ್ಲೋದರಿಂದ ಏನೂ ಬರಲ್ಲ. ವಾರದಲ್ಲಿ ಮೂರು ದಿನ 15-16ರ ಹುಡುಗರ ಜೊತೆ ಸಿಂಗಲ್ಸ್ ಆಡಿಸ್ರಿ. ಎರಡು ದಿನ ಒಬ್ಬಳ ಮೇಲೆ ಇಬ್ಬರು: ಆಕಡೆ ಇಬ್ಬರು ನಿಂತು ಎಲ್ಲಾನೂ ಎತ್ತಿ ಕಳಿಸ್ತಿರ್ಬೇಕು, ಇವಳು ಅರ್ಧ ಗಂಟೆ ಒಂದು ಶಟಲ್ ಬಿಡದೆ ಆಡಬೇಕು. ಬೆಳಗ್ಗೆ ಬರೋ ಹಿರಿಯ ಡಬಲ್ಸ್ ಆಟಗಾರರನ್ನು ಕೇಳಿದರೆ ಖುಷಿಯಿಂದ ನಿಲ್ತಾರೆ. ಅವರ ಕೈ ಮೋಸ ಬಹಳ, ಅದನ್ನು ಓದೋದು ಕಲಿತರೆ ಲಾಭ.

ಪಿ.ಜೆ. ಬಡಾವಣೆ

ಇದೆಲ್ಲ ಒಳ್ಳೆಯದೇ, ಆದರೆ ಊರಲ್ಲೇ ಇರಿ ಅನ್ನುವ ಸಲಹೆಯಲ್ಲಿ ಅಪಾಯವಿದೆ. 13ರಿಂದ 16ರವರೆಗೆ ದಿನಕ್ಕೆ ಎರಡು ಅವಧಿ, ತನಗಿಂತ ಗಟ್ಟಿಯಾದ ಎಂಟು ಹತ್ತು ಹುಡುಗಿಯರು ಒಂದೇ ಹಾಲ್‌ನಲ್ಲಿ ಇರುವುದು ಬೆಂಗಳೂರು, ಹೈದರಾಬಾದ್‌ನಂಥ ಕಡೆ ಮಾತ್ರ. ಅಪರ್ಣಾ ಪೋಪಟ್ ಮುಂಬೈ ಬಿಟ್ಟು ಬೆಂಗಳೂರಿನ ಪಡುಕೋಣೆ ಅಕಾಡೆಮಿಗೆ ಬಂದದ್ದು 1994ರಲ್ಲಿ, 16ರ ವಯಸ್ಸಿಗೆ. 1996ರಲ್ಲಿ ವಿಶ್ವ ಜೂನಿಯರ್ ಬೆಳ್ಳಿ, ಆಮೇಲೆ ಸತತ ಒಂಬತ್ತು ರಾಷ್ಟ್ರೀಯ ಸಿಂಗಲ್ಸ್ ಪ್ರಶಸ್ತಿ. ಮುಂಬೈಯಂಥ ಊರಿನವರೇ ಬಿಟ್ಟು ಬಂದರು. ಡಬಲ್ಸ್ ಆಟಗಾರ್ತಿ ಟ್ರೀಸಾ ಜಾಲಿ ಕಣ್ಣೂರು ಜಿಲ್ಲೆಯ ಚೆರುಪುಳದವರು, ಕೊನೆಗೆ ಹೈದರಾಬಾದ್‌ಗೆ ಹೋಗಲೇಬೇಕಾಯಿತು.

ಹಿಂದಿನ ಗೆರೆ

ಹೋಗಬಾರದು ಅನ್ನುತ್ತಿಲ್ಲ. ನೀವು ಕೊಟ್ಟ ಉದಾಹರಣೆ ನನ್ನ ಮಾತಿಗೇ ಹೊಂದುತ್ತದೆ: ಅಪರ್ಣಾ 12ಕ್ಕಲ್ಲ, 16ಕ್ಕೆ ಬಂದದ್ದು, ತಳಪಾಯ ಕಟ್ಟಿಕೊಂಡು. ದೊಡ್ಡ ಅಕಾಡೆಮಿಯಲ್ಲಿ ದುರ್ಬಲ ಹುಡುಗಿ ಕೊನೆಯ ಬ್ಯಾಚಿನ ಕೊನೆಯ ಕೋರ್ಟಿಗೆ ಬೀಳುತ್ತಾಳೆ. ಒಂದು ಕೋರ್ಟಿಗೆ ಆರು ಮಕ್ಕಳು, ಮುಖ್ಯ ಕೋಚ್‌ನ ಕಣ್ಣು ಬೀಳುವುದೇ ಅಪರೂಪ. ಅಂಥ ಕೋರ್ಟಿಗೆ ಮನೆ ಬಾಡಿಗೆ, ತಾಯಿಯೋ ತಂದೆಯೋ ಕೆಲಸ ಬಿಡುವುದು, ಶಾಲೆ ಬದಲು, ಇಷ್ಟೆಲ್ಲ ಸುರಿಯಬೇಕು.

ನನ್ನ ಅಳತೆ ಇದು. ಟಾಸ್ ಪಟ್ಟಿಯೊಳಗೆ 20ಕ್ಕೆ 14 ಬೀಳುತ್ತಿದೆ. ಶ್ಯಾಡೋ 20 ಸೆಕೆಂಡ್ ಆಟ, 20 ಸೆಕೆಂಡ್ ವಿಶ್ರಾಂತಿ ಹತ್ತು ಸಲ ಮಾಡಿದರೂ ಕೊನೆಯ ಸುತ್ತಿನ ಹೆಜ್ಜೆ ಮೊದಲಿನಷ್ಟೇ ಸ್ವಚ್ಛ. ರಾಜ್ಯ ಟೂರ್ನಿಯಲ್ಲಿ ಕ್ವಾರ್ಟರ್‌ಫೈನಲ್ ಆಸುಪಾಸು ಬಂದು 21-17, 21-18ರಲ್ಲಿ ಸೋಲುತ್ತಿದ್ದಾಳೆ. ಊರಿನಲ್ಲಿ ಅವಳಿಂದ ಮೂರು ಗೇಮ್ ಆಡಿಸುವವರು ಯಾರೂ ಉಳಿದಿಲ್ಲ. ಇವು ನಾಲ್ಕೂ ಕೂಡಿದ ದಿನ ಒಂದು ವಾರವೂ ತಡಮಾಡಬೇಡಿ, ಅದು 13ಕ್ಕಾದರೂ ಸರಿ, 15ಕ್ಕಾದರೂ ಸರಿ. ಅದಕ್ಕೆ ಮೊದಲು ಬೇಸಿಗೆ ರಜೆಯಲ್ಲಿ ನಾಲ್ಕರಿಂದ ಆರು ವಾರ ಕಳಿಸಿ. ಅಲ್ಲಿ ಯಾವ ಬ್ಯಾಚಿಗೆ ಹಾಕುತ್ತಾರೆ ಎನ್ನುವುದೇ ನಿಮಗೆ ಉತ್ತರ.

ಪಿ.ಜೆ. ಬಡಾವಣೆ

ಬೇಸಿಗೆ ಶಿಬಿರದ ಮಾತು ಒಪ್ಪುತ್ತೇನೆ. ಆದರೆ ಹೊರಡುವ ವಯಸ್ಸು 15 ದಾಟಬಾರದು ಅನ್ನುವುದು ನನ್ನ ಪಟ್ಟು.

ಹೊಂಡದ ಸರ್ಕಲ್

ಇಷ್ಟು ಹೊತ್ತು ಹುಡುಗಿಯ ಮೈಯ ಬಗ್ಗೆ ಒಂದು ಸಾಲೂ ಬರಲಿಲ್ಲ. ಎಷ್ಟೋ ಹುಡುಗಿಯರ ಆಟ ನಿಲ್ಲುವುದು 12ರಿಂದ 15ರ ನಡುವೆ, ಅದೂ ಫಲಿತಾಂಶದಿಂದಲ್ಲ.

ಮೊದಲು ಮಂಡಿ. ಬಲಗೈ ಆಟಗಾರ್ತಿ ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ತಲೆಯ ಸುತ್ತಿನಿಂದ ಹೊಡೆದಾಗ ಎಡಗಾಲೊಂದರ ಮೇಲೆ ಇಳಿಯುತ್ತಾಳೆ. ಮಂಡಿ ಒಳಕ್ಕೆ ಬಾಗಿ ಇಳಿದರೆ ಎಸಿಎಲ್ (ಮಂಡಿಯೊಳಗಿನ ಕಟ್ಟುನಾರು) ಹರಿಯುವ ಜಾಗ ಅದೇ. ಸ್ಪೇನ್‌ನ ಆಟಗಾರ್ತಿ ಕರೋಲಿನಾ ಮರಿನ್ ಎಡಗೈಯವರು, ಅವರ ಬಲಮಂಡಿ ಹೋದದ್ದು 2019ರ ಜನವರಿಯಲ್ಲಿ, ಮತ್ತೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ, ಒಂದು ಗೇಮ್ ಗೆದ್ದು ಎರಡನೆಯದರಲ್ಲೂ ಮುಂದಿದ್ದಾಗ. ನಡುವೆ 2021ರಲ್ಲಿ ಎಡಮಂಡಿ. ಹುಡುಗಿ ಸರಸರ ಎತ್ತರ ಬೆಳೆಯುವ ವರ್ಷದಲ್ಲಿ ಎಲುಬು ಮುಂದೆ ಓಡಿ ಸ್ನಾಯು ಹಿಂದೆ ಉಳಿಯುತ್ತದೆ, ಅಪಾಯ ಆಗ ಹೆಚ್ಚು. ವಾರಕ್ಕೆ ಮೂರು ದಿನ 15 ನಿಮಿಷ ಸಾಕು: 30 ಸೆಂಟಿಮೀಟರ್ ಮೆಟ್ಟಿಲಿನಿಂದ ಒಂಟಿ ಕಾಲಲ್ಲಿ ಇಳಿದು ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲುವುದು, ಒಂಟಿ ಕಾಲಿನ ಅರೆ ಬಸ್ಕಿ, ತೊಡೆ ಹಿಂಭಾಗಕ್ಕೆ ಮಂಡಿಯೂರಿ ನಿಧಾನ ಮುಂದೆ ಬಾಗುವುದು. ಎಂಟರಂತೆ ಮೂರು ಸುತ್ತು. ಕನ್ನಡಿ ಎದುರು ಮಾಡಿಸಿ, ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಸಿಮೆಂಟಿನ ಮೇಲೆ ನೇರ ಹಾಸಿದ ಮ್ಯಾಟ್ ಆದರೆ ಹಾರುವ ಅಭ್ಯಾಸ ವಾರಕ್ಕೆ ಎರಡೇ ದಿನ, ಇಲ್ಲವಾದರೆ ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ. ಓಟದ ಶೂ ಹಾಕಿಸಬೇಡಿ, ಎತ್ತರದ ಅಟ್ಟೆ ಪಕ್ಕಕ್ಕೆ ಹೊರಳುತ್ತದೆ.

ಮುಟ್ಟು ಶುರುವಾದ ಮೇಲೆ ಕಬ್ಬಿಣದ ಅಂಶ ಕುಸಿಯುತ್ತದೆ. ಮೂರನೇ ಗೇಮಿನಲ್ಲಿ ಸುಸ್ತಾಗುವವಳನ್ನು ಸೋಮಾರಿ ಅನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ತಳ ಹಿಡಿದಿರಬಹುದು, ಎರಡನ್ನೂ ನೋಡಿಸಿ. ಮಾತ್ರೆ ವೈದ್ಯರು ಹೇಳಿದ ಮೇಲೇ. ಊಟದ ಜೊತೆ ಚಹಾ ನಿಲ್ಲಿಸಿ, ನಿಂಬೆ ಹಿಂಡಿದ ಸೊಪ್ಪಿನ ಪಲ್ಯ, ಮೊಳಕೆ ಕಾಳು, ತಿನ್ನುವವರಾದರೆ ಮೊಟ್ಟೆ ಮಾಂಸ. ಆಟದ ಹಿಂದಿನ ಗಂಟೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಬೇಡ, ಬಾಳೆಹಣ್ಣೋ ಅವಲಕ್ಕಿಯೋ ಸಾಕು. ಮೂರು ತಿಂಗಳು ಮುಟ್ಟು ನಿಂತರೆ ಆಟ ಚೆನ್ನಾಗಿ ನಡೆದಿದೆ ಅಂತ ಸುಮ್ಮನಿರಬೇಡಿ. ತಿನ್ನುವುದು ಆಟಕ್ಕೆ ಖರ್ಚಾಗುವ ಶಕ್ತಿಗೆ ಸಾಲುತ್ತಿಲ್ಲ ಎನ್ನುವ ಸೂಚನೆ ಅದಾಗಿರಬಹುದು, ಎಲುಬು ಬಿರುಕು ಬಿಡುವುದು ಅದರ ಮುಂದಿನ ಹಂತ.

ಕೊನೆಯದಾಗಿ, ಹಾಲ್ ಆರಿಸುವಾಗ ಕೋರ್ಟಿನ ಜೊತೆ ಬಾಗಿಲ ಚಿಲಕ, ನೀರು ಇರುವ ಹೆಣ್ಣುಮಕ್ಕಳ ಶೌಚಾಲಯ ಬೆಳಗ್ಗೆ ಐದೂವರೆಗೆ ತೆರೆದಿರುತ್ತದಾ ನೋಡಿ. ಇಲ್ಲದಿದ್ದರೆ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎರಡು ಗಂಟೆ ಬೆವರಿದ ಮೈಗೆ ಅದೆಂಥ ಪೆಟ್ಟು ಅಂತ ಹಾಲ್ ನಡೆಸುವವರಿಗೆ ಕೂತು ಹೇಳಬೇಕು.

ದುರ್ಗದ ಡ್ರಿಬಲ್

ಈ ಕೊನೆಯ ಮಾತನ್ನು ಕ್ರೀಡಾ ಇಲಾಖೆಗೂ ಬರೆದು ಕೊಡಬೇಕು. ಶೀತದ ಮಾತ್ರೆ ವಿಷಯವೂ ಸೇರಿಸ್ಕೊಳ್ರಿ: ಸ್ಯೂಡೋಎಫೆಡ್ರಿನ್ ಇರೋದು ಟೂರ್ನಿ ಹೊತ್ತಲ್ಲಿ ಬೇಡ. ಅಂಗಡಿಯಲ್ಲಿ ಕೊಟ್ಟದ್ದನ್ನು ನುಂಗಿಸೋ ಮೊದಲು ಡಬ್ಬಿ ಮೇಲಿನ ಹೆಸರನ್ನು ನಾಡಾದ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಔಷಧ ಪಟ್ಟಿಯಲ್ಲಿ ಹುಡುಕ್ರಿ.

ಹರಿಹರ ಸೇತುವೆ

ಕಾಗದಪತ್ರ ಕೇಳಿದ್ದೀರಿ. ವಯೋಮಿತಿ ಲೆಕ್ಕ ಜನವರಿ 1ರಿಂದ. 2025ರ ವಿಶ್ವ ಜೂನಿಯರ್‌ಗೆ 2007ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಅರ್ಹರಿದ್ದರು. ಡಿಸೆಂಬರ್‌ನಲ್ಲಿ ಹುಟ್ಟಿದವಳು ಜನವರಿಯವಳ ಎದುರು ಹೆಚ್ಚುಕಡಿಮೆ ಒಂದು ವರ್ಷ ಚಿಕ್ಕವಳಾಗಿ ಆಡುತ್ತಾಳೆ. ಅಂಡರ್-13ರ ಸೋಲನ್ನು ಅಳೆಯುವಾಗ ಇದನ್ನು ಮರೆಯಬೇಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇರಲಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ರಾಜ್ಯ ಸಂಸ್ಥೆಯ ನೋಂದಣಿ, ಬಿಎಐ (ಭಾರತ ಬ್ಯಾಡ್ಮಿಂಟನ್ ಸಂಸ್ಥೆ) ಐಡಿ ಎರಡೂ ಸಿಕ್ಕಿಬೀಳುತ್ತವೆ. ಎಂಟ್ರಿ ಮುಗಿಯುವ ವಾರದಲ್ಲಿ ತಿದ್ದಲು ಓಡಾಡುವುದಕ್ಕಿಂತ ಈಗಲೇ ತಿದ್ದಿಸಿ.

ಪ್ರಯಾಣ: ಬೆಳಗಿನ ಮೊದಲ ಮ್ಯಾಚ್ ಇದ್ದರೆ ಹಿಂದಿನ ದಿನವೇ ಬೆಂಗಳೂರು ತಲುಪಿ. ದಾವಣಗೆರೆಯವರಿಗೆ ನೇರ ರೈಲು ಬೇಕಾದಷ್ಟಿವೆ. ಚಿತ್ರದುರ್ಗ ಮುಖ್ಯ ಮಾರ್ಗದಲ್ಲಿ ಇಲ್ಲ, ಚಿಕ್ಕಜಾಜೂರಿಗೆ ಹೋಗುವ ಬದಲು ಹೆದ್ದಾರಿ ಬಸ್ಸೇ ಸುಲಭ. ಅಖಿಲ ಭಾರತ ರ‍್ಯಾಂಕಿಂಗ್ ಟೂರ್ನಿಯ ಅರ್ಹತಾ ಸುತ್ತಿಗೆ ನೂರಾರು ಹೆಸರು ಬರುತ್ತವೆ, ಒಂದೇ ದಿನ ಮೂರು ಮ್ಯಾಚ್ ಬಂದರೂ ಅಚ್ಚರಿಯಿಲ್ಲ. ಡಬ್ಬಿಯಲ್ಲಿ ಮೊಸರನ್ನ, ಚಪಾತಿ ಇರಲಿ, ಹೊರಗಿನದ್ದು ನಂಬಬೇಡಿ.

ಪರೀಕ್ಷೆ ಬಗ್ಗೆ ಹೆದರಿಕೆ ಮೊದಲಿನಷ್ಟು ಬೇಡ. ಈಗ ಎಸ್ಸೆಸ್ಸೆಲ್ಸಿ, ಪಿಯು ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದು ಟೂರ್ನಿಗೆ ತಾಗಿದರೂ ವರ್ಷ ಹಾಳಾಗುವುದಿಲ್ಲ.

ಎಂಸಿಸಿ ಬಿ ಬ್ಲಾಕ್

ಸಿಂಗಲ್ಸ್‌ನಲ್ಲಿ ಮೇಲೆ ಬರದಿದ್ದರೆ? 18ರ ಆಮೇಲೆ ಏನು?

ಹಿಂದಿನ ಗೆರೆ

ಡಬಲ್ಸನ್ನು ಸೋತವರ ದಾರಿ ಅಂತ ನೋಡುವುದೇ ತಪ್ಪು. ಕರ್ನಾಟಕದ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆ 2010ರ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದರು. ಟ್ರೀಸಾ–ಗಾಯತ್ರಿ 2022, 2023 ಎರಡೂ ವರ್ಷ ಆಲ್ ಇಂಗ್ಲೆಂಡ್ ಸೆಮಿಫೈನಲ್ ಆಡಿದರು. 14-15ರಿಂದಲೇ ವಾರಕ್ಕೆ ಎರಡು ದಿನ ಡಬಲ್ಸ್ ಇರಲಿ. ಗಿಡ್ಡ ಸರ್ವಿಸ್ ದಿನಕ್ಕೆ 50. 2018ರಿಂದ ಹೊಡೆಯುವ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್ ಕೆಳಗಿರಬೇಕು, ಗೋಡೆಗೆ ಟೇಪ್ ಅಂಟಿಸಿ ಅಭ್ಯಾಸ ಮಾಡಿಸಿ. ಎತ್ತರದ ಹುಡುಗಿಯರೇ ಇದರಲ್ಲಿ ಸಿಕ್ಕಿಬೀಳುವುದು. ಜೋಡಿಯನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಡಿ.

ಹರಿಹರ ಸೇತುವೆ

ಕೆಲಸದ ವಿಷಯ. ಕೇಂದ್ರದ ಕ್ರೀಡಾ ಕೋಟಾಕ್ಕೆ ನಮೂನೆಗಳು ಬೇರೆ ಬೇರೆ ಇವೆ. ದೇಶವನ್ನು ಪ್ರತಿನಿಧಿಸಿದ್ದಕ್ಕೆ ನಮೂನೆ 1, ರಾಜ್ಯದ ಪರ ರಾಷ್ಟ್ರೀಯ ಕೂಟ ಆಡಿದ್ದಕ್ಕೆ 2, ಅಂತರ ವಿಶ್ವವಿದ್ಯಾಲಯಕ್ಕೆ 3, ರಾಷ್ಟ್ರೀಯ ಶಾಲಾ ಕೂಟಕ್ಕೆ 4. ಹತ್ತು ರಾಜ್ಯ ಟೂರ್ನಿ ಗೆದ್ದ ಸರ್ಟಿಫಿಕೇಟ್ ಇದ್ದರೂ ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಅರ್ಜಿ ಊರ್ಜಿತವಾಗುವುದಿಲ್ಲ. ಹೆಸರು ಹಾಕಿ ಆಡುವ ರ‍್ಯಾಂಕಿಂಗ್ ಟೂರ್ನಿ ಬೇರೆ, ರಾಜ್ಯ ತಂಡದಲ್ಲಿ ಆಡುವ ನ್ಯಾಷನಲ್ಸ್ ಬೇರೆ. ತಂಡಕ್ಕೆ ಆಯ್ಕೆಯಾದರೆ ಡಬಲ್ಸ್‌ಗೆ ಮಾತ್ರ ಅಂದರೂ ಹೋಗಬೇಕು. ಬಂದ ತಿಂಗಳೊಳಗೆ ನಮೂನೆಗೆ ಸಹಿ ಮಾಡಿಸಿಕೊಳ್ಳಿ, ಪದಾಧಿಕಾರಿಗಳು ಬದಲಾದ ಮೇಲೆ ಹಳೆಯ ದಾಖಲೆ ಹುಡುಕಿಸುವುದು ಕಷ್ಟ.

ದಾವಣಗೆರೆ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರಿದರೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯದ ಬಾಗಿಲೂ ತೆರೆದಿರುತ್ತದೆ. ಆಟ ನಿಲ್ಲಿಸಿದ ಮೇಲೆ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ಇದೆ. ನಮ್ಮ ಎರಡೂ ಜಿಲ್ಲೆಗೆ ಹೆಣ್ಣು ಕೋಚ್‌ಗಳು ಬೇಕೇ ಬೇಕು.

ವಿದ್ಯಾನಗರ ಕೋರ್ಟ್ 2

ಟಾಸ್ ಎಣಿಸಿದೆವು. ಗರಿ ಶಟಲ್, 76. ಒಂದು ತುದಿಯಿಂದ 20ಕ್ಕೆ 8, ಇನ್ನೊಂದರಿಂದ 5. ಬೇಸಿಗೆ ಶಿಬಿರದವರೆಗೆ ಊರಲ್ಲೇ, ಸೂರು ಎತ್ತರ ಇರುವ ಹಾಲ್‌ಗೆ ಬದಲಿಸುತ್ತಿದ್ದೇವೆ. ಎರಡು ಪ್ರಶ್ನೆ ಉಳಿದಿವೆ. ತುದಿಗೂ ತುದಿಗೂ ಈ ವ್ಯತ್ಯಾಸ ಯಾಕೆ? ಗರಿ ಒಣಗಿ ಎರಡೇ ರ‍್ಯಾಲಿಗೆ ಮುರಿಯುತ್ತದೆ, ಏನು ಮಾಡಬೇಕು?

ಗಟ್ ಬಿಗಿತ

8 ಬಿದ್ದ ತುದಿಯಲ್ಲಿ ಗಾಳಿ ಬೆನ್ನಿಗಿದೆ, ಕಿಟಕಿಯೋ ಫ್ಯಾನೋ ನೋಡಿ. ದೊಡ್ಡ ಹಾಲ್‌ಗಳಲ್ಲಿ ಎಸಿಯಿಂದ ಹೀಗೇ ಆಗುತ್ತದೆ. ನಾಣ್ಯ ಗೆದ್ದರೆ ಕಷ್ಟದ ತುದಿಯನ್ನೇ ಮೊದಲು ತೆಗೆದುಕೊಳ್ಳಲಿ. ಮೂರನೇ ಗೇಮ್‌ನಲ್ಲಿ 11ಕ್ಕೆ ತುದಿ ಬದಲಾದಾಗ ಕೊನೆಯ ಪಾಯಿಂಟ್‌ಗಳು ಒಳ್ಳೆಯ ಕಡೆ ಸಿಗುತ್ತವೆ. ಗಾಳಿ ಬೆನ್ನಿಗಿದ್ದರೆ ಟಾಸ್ ಕಡಿಮೆ, ಡ್ರಾಪ್ ಮತ್ತು ಹಾಫ್ ಸ್ಮ್ಯಾಶ್ ಹೆಚ್ಚು. ಎದುರಿಗಿದ್ದರೆ ಧೈರ್ಯವಾಗಿ ಪೂರ್ತಿ ಟಾಸ್.

ಗರಿಗೆ ಹಬೆ ಕೊಡಿ. ಆಟದ ಹಿಂದಿನ ರಾತ್ರಿ ಡಬ್ಬದ ಗರಿ ಇರುವ ಬದಿಯ ಮುಚ್ಚಳ ತೆಗೆದು, ಕುದಿಯುವ ನೀರಿನ ಹಬೆಗೆ ಐದರಿಂದ ಎಂಟು ಸೆಕೆಂಡ್ ಹಿಡಿದು, ಮುಚ್ಚಿ, ತಂಪು ಜಾಗದಲ್ಲಿ ಇಡಿ. ಕಾರ್ಕ್ ಒದ್ದೆಯಾಗಬಾರದು. ಹಬೆ ಹೆಚ್ಚಾದರೆ ಅಂಟು ಸಡಿಲಾಗಿ ಶಟಲ್ ಭಾರವಾಗುತ್ತದೆ. ಹಬೆ ಕೊಟ್ಟ ಡಬ್ಬದ ವೇಗವನ್ನು ಬೆಳಗ್ಗೆ ಇನ್ನೊಮ್ಮೆ ಪರೀಕ್ಷಿಸಿ, ಆಮೇಲೆ ಆ 20 ಟಾಸ್ ಎಣಿಸಿ.